ಲಾಭ, ಎರಡು, ಮೂರು

ಪರಪ್ಪನವರನ್ನು ನಾನು ಮೊದಲು ಕಂಡದ್ದು ಬಸವನ ಬಾಗೇವಾಡಿಯಲ್ಲಿ, ಕಾಳಿನ ವ್ಯಾಪಾರದ ಒಂದು ಅಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ನವೆಂಬರ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಆಗಿರಬೇಕು. ನಾನು ಕೆಲಸಕ್ಕಿದ್ದ ಸಂಸ್ಥೆ ಮನಸ್ಸಿನ ತೊಂದರೆ ಇದ್ದವರಿಗಾಗಿ ಆಪ್ತಸಮಾಲೋಚನೆ ನಡೆಸುತ್ತಿತ್ತು. ಸೋಮವಾರ ಇಂಡಿ, ಬುಧವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶನಿವಾರ ಬಾಗೇವಾಡಿ. ಬಾಗೇವಾಡಿಯಲ್ಲಿ ಬೇರೆ ಜಾಗ ಸಿಗದೆ ಈ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ಮೂರು ಗೋಡೆಗಳಿಗೆ ತಾಗಿ ತೊಗರಿ ಮತ್ತು ಜೋಳದ ಚೀಲಗಳನ್ನು ಒಟ್ಟಿದ್ದರು. ನಡುವೆ ಒಂದು ಟೇಬಲ್ಲು, ನಾಲ್ಕು ಕುರ್ಚಿ. ಕೆಳಗಿನ ಸಾಲಿನ ಒಂದು ಚೀಲ ಮೂಲೆಯಲ್ಲಿ ಹರಿದು, ಒಂದೆರಡು ಹಿಡಿ ಜೋಳ ನೆಲದ ಮೇಲೆ ಸುರಿದಿತ್ತು. ಬೆಳಿಗ್ಗೆಯಿಂದ ನಾವೆಲ್ಲ ಅದನ್ನು ದಾಟಿಕೊಂಡೇ ಓಡಾಡಿದ್ದೆವು.

ಪರಪ್ಪನವರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದರು. ನಮಗೆ ನಮಸ್ಕಾರ ಮಾಡುವ ಮೊದಲೇ ಬಾಗಿ ಆ ಕಾಳನ್ನೆಲ್ಲ ಬೊಗಸೆಯಲ್ಲಿ ಬಳಿದು ಚೀಲಕ್ಕೆ ಹಾಕಿದರು. ಜೇಬಿನಲ್ಲಿದ್ದ ಬಸ್ಸಿನ ಟಿಕೇಟನ್ನು ಮಡಿಸಿ ಹರಿದ ಕಡೆ ತುರುಕಿದರು. ಬೆರಳಿಗಂಟಿದ ಧೂಳನ್ನು ಕಣ್ಣಿಗೊತ್ತಿಕೊಂಡು ಆಮೇಲೆ ಕುರ್ಚಿಯ ತುದಿಗೆ ಕೂತರು. ಅರವತ್ತೆರಡು ವರ್ಷ. ಧೋತರ, ಹಳೆಯ ಬಿಳಿ ಅಂಗಿ, ಹೆಗಲ ಮೇಲೆ ಟಾವೆಲ್ಲು. ಬಲಗೈಯ ಮಣಿಕಟ್ಟು ಎಡಗೈಯದಕ್ಕಿಂತ ದಪ್ಪಗಿತ್ತು.

ಕರೆದುಕೊಂಡು ಬಂದವಳು ಮಗಳು ಸುವರ್ಣಾ. ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಾರೆ. ತಾಯಿ ಸಿದ್ದಲಿಂಗವ್ವ ಶ್ರಾವಣದಲ್ಲಿ ತೀರಿಕೊಂಡಾಗಿನಿಂದ ತವರೂರು ಇಂಗಳೇಶ್ವರದಲ್ಲೇ ಉಳಿದಿದ್ದಳು.

"ಊಟ ಬಿಟ್ಟಾನ್ರಿ. ನಿದ್ದಿ ಇಲ್ಲ. ಮಾತಾಡ್ಸಿದ್ರ ಹೂಂ ಅನ್ನಾಂವ, ಆಮ್ಯಾಲೆ ಏನ ಕೇಳಿದಿ ಅನ್ನಾಂವ. ತಲಿ ಏನರ ಆಗೇತಿ ಏನೋ ಅಂತ ನನಗ ಅಂಜಿಕಿ," ಅಂದಳು.

"ತಲಿ ಛಲೋ ಐತಿ," ಅಂದರು ಪರಪ್ಪನವರು. "ಹೊಟ್ಟ್ಯಾಗ ಸಂಕಟ ಐತಿ ಅಷ್ಟ. ಅದಕ್ಕ ಈಕಿ ನನ್ನ ಪರೀಕ್ಷಾಕ್ಕ ಕೂಡ್ರಿಸಾಕತ್ತಾಳ. ಸಾಲಿ ಮೂರನೇತ್ತಾಕ್ಕ ಬಿಟ್ಟಾಂವ್ರಿ ನಾ. ನಪಾಸ ಆದ್ರ ಬೈಬ್ಯಾಡ್ರಿ ಮತ್ತ."

ಜಯಮಾಲಾ ಮೇಡಂ ನಕ್ಕರು. ಅವರು ನಮ್ಮ ಮನಶ್ಶಾಸ್ತ್ರಜ್ಞೆ, ಮೈಸೂರಿನ ಕಡೆಯವರು, ಒಳ್ಳೆಯವರು. ಯಾರ ಮಾತನ್ನೂ ಅವಸರ ಮಾಡಿ ತುಂಡರಿಸಿದವರಲ್ಲ.

ಏನು ಕೆಲಸ ಮಾಡುತ್ತೀರಿ ಎಂದು ಅವರು ಕೇಳಿದಾಗ ಪರಪ್ಪನವರು "ರಾಶಿ ಅಳಿತೇನ್ರಿ" ಅಂದರು. ಮೇಡಂ ನನ್ನ ಮುಖ ನೋಡಿದರು. ಹೊಲದ ಒಡೆಯನಿಗೂ ಪಾಲಿಗೆ ಮಾಡಿದವನಿಗೂ ನಡುವೆ ಜೋಳ ಹಂಚುವಾಗ, ಇಬ್ಬರೂ ನಂಬುವ ಒಬ್ಬ ಮನುಷ್ಯ ಡಬ್ಬಿಯಲ್ಲಿ ಅಳೆದು ಎಣಿಸುತ್ತಾನೆ ಎಂದು ನನಗೆ ತಿಳಿದಷ್ಟು ಹೇಳಿದೆ. ತಕ್ಕಡಿಗಳು ಬಂದಿವೆ, ಯಂತ್ರದ ತೂಕ ಬಂದಿದೆ. ಆದರೂ ಕಣದಲ್ಲಿ ಅಳೆಯುವವನು ಬೇಕು. ಇನ್ನೂರು, ಮುನ್ನೂರು ಡಬ್ಬಿ ಅಳೆದರೂ ಪರಪ್ಪನವರು ಒಂದು ಗೀಟು ಸಹ ಬರೆದುಕೊಳ್ಳುತ್ತಿರಲಿಲ್ಲ. ಸುತ್ತಲಿನ ಊರಲ್ಲಿ "ಪರಪ್ಪ ಅಂದಷ್ಟು" ಎಂದರೆ ಮಾತು ಮುಗಿದಂತೆ. ಇದನ್ನು ಸುವರ್ಣಾ ಹೇಳಿದಳು, ಅವರು ಹೇಳಲಿಲ್ಲ.

ನೆನಪಿನ ಪರೀಕ್ಷೆ ಶುರುವಾಯಿತು. ಮೇಡಂ ಕೆಲವು ಅಂಕಿಗಳನ್ನು ಓದುತ್ತಾರೆ, ಎದುರಿಗಿರುವವರು ಅದನ್ನೇ ತಿರುಗಿ ಹೇಳಬೇಕು. ಒಂದೇ ಉದ್ದದ ಎರಡು ಸಾಲು ತಪ್ಪಿದರೆ ಅಲ್ಲಿಗೆ ನಿಲ್ಲಿಸಬೇಕು. ಹಾಳೆ ತುಂಬುವ ಕೆಲಸ ನನ್ನದು.

"ಏಳು, ನಾಲ್ಕು, ಒಂದು," ಎಂದರು ಮೇಡಂ.

ಪರಪ್ಪನವರು ಗೋಡೆಗೆ ಒಟ್ಟಿದ ಚೀಲಗಳ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿದರು. ಬಲಗೈ ತೊಡೆಯ ಮೇಲೆ ಸಣ್ಣಗೆ ಆಡಿತು. "ಮತ್ತೊಂದು, ನಾಕ, ಲಾಭ."

ಮೇಡಂ ಇನ್ನೊಂದು ಸಾಲು ಓದಿದರು. "ಒಂದು, ಒಂಬತ್ತು, ಆರು."

"ಲಾಭ, ಒಂಬತ್ತ, ಆರ."

ಎರಡೂ ಕಡೆ ನಾನು ಕಾಟು ಹಾಕಿದೆ. ತಪ್ಪು ಉತ್ತರ ಬಂದರೆ ಅವರು ಅಂದ ಮಾತನ್ನು ಅಂದ ಹಾಗೆಯೇ ಬರೆದುಕೊಳ್ಳಬೇಕು ಎಂಬ ನಿಯಮವಿತ್ತು. ಹೊರಗೆ ಇನ್ನೂ ಒಂಬತ್ತು ಜನ ಕೂತಿದ್ದರು. ನಾನು ಬರೆಯಲಿಲ್ಲ. ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಭಾಗದಲ್ಲಿಯೂ ಹಾಗೆಯೇ ಆಯಿತು. ಪರೀಕ್ಷೆ ಬೇಗ ಮುಗಿಯಿತು. ಪರಪ್ಪನವರು ಎದ್ದು, "ಇಷ್ಟನ? ನಾ ಏನ ಬಾಳ ತ್ರಾಸ ಇರತೈತಿ ಅಂತ ಮಾಡಿದ್ದೆ," ಅಂದರು.

ಎರಡು ವಾರದ ನಂತರ ಅದೇ ಕೋಣೆಯಲ್ಲಿ ಫಲಿತಾಂಶ ತಿಳಿಸಿದೆವು. ಮೇಡಂ ತಮ್ಮ ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡು ಕೂತರು. ಹೆಂಡತಿಯನ್ನು ಕಳೆದುಕೊಂಡವರಿಗೆ ಊಟ ನಿದ್ದೆ ತಪ್ಪುವುದು ಸಹಜ, ಅದು ರೋಗವಲ್ಲ ಎಂದು ಮೊದಲು ಹೇಳಿದರು. ಆಮೇಲೆ ಹಾಳೆ ತೆಗೆದರು. "ನೆನಪಿನ ಭಾಗದಲ್ಲಿ ಮಾತ್ರ ನಿಮ್ಮ ಅಂಕ ಸರಾಸರಿಗಿಂತ ಕಡಿಮೆ ಬಂದಿದೆ, ಪರಪ್ಪನವರೇ. ಗಾಬರಿ ಆಗಬೇಡಿ. ದುಃಖದಲ್ಲಿ ಹೀಗಾಗುತ್ತದೆ."

"ಎಷ್ಟ ಕಮ್ಮಿ ಬಿತ್ರಿ?"

"ಅದನ್ನು ಹಾಗೆ ಇಷ್ಟು ಅಂತ ಹೇಳುವುದಕ್ಕೆ ಆಗುವುದಿಲ್ಲ."

"ಅಳತಿ ಅಂದಮ್ಯಾಲೆ ಎಷ್ಟ ಕಮ್ಮಿ ಅನ್ನೂದು ಹೇಳಬೇಕಲ್ರಿ. ಕಮ್ಮಿ ಅಂದು ಸುಮ್ಮನ ಕುಂತ್ರ ಅಳಿಯಾಂವನ ಮ್ಯಾಲೆ ಅಪವಾದ ಬರತೈತಿ."

ಮೇಡಂ ಮೆಲ್ಲಗೆ ಹೇಳಿದರು: "ನಾವು ಹೇಳಿದ ಅಂಕಿ ಬಿಟ್ಟು ನಡುನಡುವೆ ಬೇರೆ ಮಾತುಗಳು ಬಂದವು. ಅದಕ್ಕೇ ಕಡಿಮೆ ಆಗಿದೆ."

ಪರಪ್ಪನವರ ಮುಖ ಇಳಿದದ್ದು ಆಗ. "ಬ್ಯಾರೆ ಮಾತ? ನಾ? ಏನ ಮಾತಾಡಿದೆ ನಾ?"

ಮೇಡಂ ಹಾಳೆ ನೋಡಿದರು. ಅಲ್ಲಿ ನನ್ನ ಕಾಟುಗಳಿದ್ದವು, ಮಾತುಗಳಿರಲಿಲ್ಲ. ನನಗೆ ನೆನಪಿತ್ತು. "ಲಾಭ" ಅಂದಿದ್ದರು, "ಮತ್ತೊಂದು" ಅಂದಿದ್ದರು. ಮೇಡಂ ಮಾತಾಡುವಾಗ ನಡುವೆ ಬಾಯಿ ಹಾಕುವುದು ಸರಿಯಲ್ಲ ಎಂದುಕೊಂಡು ಸುಮ್ಮನೆ ಕೂತೆ. ಆ ಎರಡು ಪದಗಳನ್ನು ನಾನು ಅಂದಿದ್ದರೆ ಪರಪ್ಪನವರು ಅಲ್ಲಿಯೇ ನಕ್ಕು ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು.

"ನನಗ ಗೊತ್ತಾಗಲೇ ಇಲ್ಲಲ್ರಿ," ಅಂದರು ಅವರು, ಮಗಳ ಕಡೆ ತಿರುಗಿ. "ಸುವರ್ಣಾ, ನಾ ಏನ ಅಂದೆ ಅನ್ನೂದ ನನಗ ಗೊತ್ತಿಲ್ಲ ನೋಡು. ಹಂಗಾದ್ರ ನೀ ಅಂದದ್ದು ಖರೇ ಐತಿ."

ಮನೆಯಲ್ಲಿ ಮಾಡಲು ಮೇಡಂ ಒಂದು ಅಭ್ಯಾಸ ಕೊಟ್ಟರು. ದಿನಾ ಬೆಳಿಗ್ಗೆ ಒಂದರಿಂದ ನೂರರ ತನಕ ಗಟ್ಟಿಯಾಗಿ ಎಣಿಸಬೇಕು. ಯಾವ ಅಂಕಿಯೂ ಬದಲಾಗಬಾರದು, ನಡುವೆ ಬೇರೆ ಮಾತು ಬರಬಾರದು. ವರದಿಯ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟೆವು. ಅದನ್ನು ಅವರು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಹೋಗುವಾಗ ಕೆಳಗಿನ ಚೀಲದ ಮೂಲೆಯಿಂದ ಮತ್ತೆ ಕಾಳು ಸುರಿದಿತ್ತು. ಈ ಸಲ ಅವರು ಬಾಗಲಿಲ್ಲ.

ಜನವರಿಯಲ್ಲಿ ಒಂದು ಸೋಮವಾರ ಇಂಡಿಯ ಕೆಲಸ ಮುಗಿಸಿ, ಒಬ್ಬ ರೋಗಿಯ ಮನೆಗೆಂದು ಝಳಕಿಗೆ ಹೋಗಿದ್ದೆ. ತಿರುಗಿ ಬರುವ ಬಸ್ಸು ತಡವಾಗಿತ್ತು. ಹೆದ್ದಾರಿಯ ಪಕ್ಕದ ಕಾಳಿನ ಅಂಗಡಿಯ ಬಾಕಿನ ಮೇಲೆ ಕೂತೆ. ಅಂಗಡಿಯ ಬಂದಗಿಸಾಬ ಒಬ್ಬ ಹೆಣ್ಣುಮಗಳಿಗೆ ಸೇರಿನಲ್ಲಿ ಶೇಂಗಾ ಅಳೆದು ಕೊಡುತ್ತಿದ್ದರು. "ಲಾಭ… ಎರಡು… ಮೂರು… ನಾಕು…" ಧ್ವನಿಯಲ್ಲಿ ಒಂದು ಎಳೆತವಿತ್ತು. "ಆರು… ಮತ್ತೊಂದು… ಎಂಟು."

ಪಕ್ಕದ ಅಂಗಡಿಯಿಂದ ತಂದಿದ್ದ ಚಹಾದ ಲೋಟವನ್ನು ಬಾಕಿನ ಮೇಲಿಟ್ಟೆ.

"ಕಾಕಾ, ಲಾಭ ಅಂದ್ರ ಏನು?"

ಅವರು ಸೇರು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಊರವ್ವಾ ನಿಂದು?"

"ಆಲಮೇಲ."

"ಆಲಮೇಲದಾಕಿ ಆಗಿ ಲಾಭ ಗೊತ್ತಿಲ್ಲ? ಏನ ಕಲ್ತೀ?"

"ಎಂ.ಎಸ್.ಡಬ್ಲ್ಯೂ."

"ಅದಕ್ಕ ಗೊತ್ತಿಲ್ಲ ಬಿಡು," ಅಂದರು. ಶೇಂಗಾದ ಹೆಣ್ಣುಮಗಳು ಸೆರಗು ಬಾಯಿಗಿಟ್ಟು ನಕ್ಕಳು. "ಕಾಳಿನ ಮುಂದ ಒಂದು ಅನ್ನಬಾರದವ್ವಾ. ಒಂದ ಅಂದ್ರ ಒಂದಕ್ಕ ನಿಂತು ಬಿಡತೈತಿ. ಅದಕ್ಕ ಲಾಭ ಅನ್ನೂದು. ಏಳು ಅನ್ನಬಾರದು. ಏಳು ಅಂದ್ರ ಲಕ್ಷ್ಮಿ ಎದ್ದ ಹೋಗ್ತಾಳ. ಮತ್ತೊಂದು ಅನ್ನೂದು. ನಾ ಸಾಬ ಇದ್ದೇನಿ, ನನಗ ಗೊತ್ತೈತಿ. ನಿಮ್ಮಪ್ಪ ಹೇಳಿಲ್ಲೇನ?"

ನಮ್ಮ ಮನೆಯಲ್ಲಿ ಇರುವುದೆಲ್ಲ ಕಬ್ಬು. ಅದನ್ನು ಟ್ರ್ಯಾಕ್ಟರಿಗೆ ಹೇರಿ ಕಾರ್ಖಾನೆಗೆ ಕಳಿಸುತ್ತಾರೆ, ಡಬ್ಬಿಯಲ್ಲಿ ಅಳೆಯುವುದಿಲ್ಲ. ನಾನು ಐದನೆಯ ತರಗತಿಯಿಂದಲೇ ಹಾಸ್ಟೆಲಿನಲ್ಲಿ ಇದ್ದವಳು. ಇದು ನೆಪವಲ್ಲ, ಇದ್ದ ಸಂಗತಿ. ಆ ಸಂಜೆ ಬಸ್ಸಿನಲ್ಲಿ ಪರಪ್ಪನವರ ಉತ್ತರಗಳನ್ನು ಒಂದೊಂದಾಗಿ ನೆನೆದುಕೊಂಡೆ. ಒಂದೂ ತಪ್ಪಿರಲಿಲ್ಲ. ಕಾಳಿನ ಚೀಲಗಳ ನಡುವೆ ನಾವು ಅವರನ್ನು ಕೂರಿಸಿ ಎಣಿಸಿ ಎಂದಿದ್ದೆವು. ಅವರು ಹೇಗೆ ಎಣಿಸಬೇಕೋ ಹಾಗೆ ಎಣಿಸಿದ್ದರು.

ಮರುದಿನ ಮೇಡಂಗೆ ಹೇಳಿದೆ. ಅವರು ಹಳೆಯ ಹಾಳೆ ತೆಗೆದು ನೋಡಿ, "ನೀನು ಹೋಗಿ ಹೇಳು. ಇನ್ನೊಮ್ಮೆ ಪರೀಕ್ಷೆ ಮಾಡೋಣ, ಹೊಸ ವರದಿ ಕೊಡೋಣ," ಅಂದರು.

ಇಂಗಳೇಶ್ವರಕ್ಕೆ ಹೋದೆ. ಪರಪ್ಪನವರು ಬೇಲಿಯ ಹತ್ತಿರ ಬೇವಿನ ಗಿಡದ ಕಡೆ ಮುಖ ಮಾಡಿ ನಿಂತಿದ್ದರು. ಹಿಂದಿನಿಂದ ಬರುವ ನನ್ನ ಸದ್ದು ಅವರಿಗೆ ಕೇಳಲಿಲ್ಲ. "ಅರವತ್ತಾರು, ಅರವತ್ತೇಳು, ಅರವತ್ತೆಂಟು," ಎಂದು ಸಾಲಿಯ ಹುಡುಗರ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು. ಒಳಗೆ ಜೋಳದ ಚೀಲ ಇರುವುದರಿಂದ ಅಲ್ಲಿ ಹೇಳಲು ಮನಸ್ಸಾಗದೆ ಹೊರಗೆ ಬಂದು ಹೇಳುತ್ತಾರೆಂದು ಸುವರ್ಣಾ ಹೇಳಿದಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಈ ಎರಡು ತಿಂಗಳಲ್ಲಿ ಅವರು ಬೇರೆಯೇ ಮನುಷ್ಯರಾಗಿದ್ದರು. ಸಂತೆಗೆ ಹೋಗುವಾಗ ಮೂರು ಸಾಮಾನಿಗೂ ಚೀಟಿ ಬರೆಸಿಕೊಳ್ಳುತ್ತಿದ್ದರು. ಮನೆಯ ಕೀಲಿ ಹಾಕಿ ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುತ್ತಿದ್ದರು. ಹಳೆಯ ಗೆಳೆಯರು ಏನಾದರೂ ಕೇಳಿದರೆ, "ನನ್ನ ಕೇಳಬ್ಯಾಡ್ರಿ, ನನ್ನ ನೆನಪ ಕಮ್ಮಿ ಬಿದ್ದೈತಿ, ಹಾಳಿ ಐತಿ," ಎಂದು ಒಳಜೇಬು ಮುಟ್ಟಿ ತೋರಿಸುತ್ತಿದ್ದರು. ಸಂಕ್ರಮಣದ ಮುಂದೆ ಒಂದು ಕಡಲೆಯ ರಾಶಿಗೆ ಕರೆದಿದ್ದರಂತೆ. ಹೋಗಲಿಲ್ಲ.

ನಾನು ಎಲ್ಲ ಬಿಡಿಸಿ ಹೇಳಿದೆ. ಬೇರೆ ಮಾತು ಅಂದದ್ದು ಲಾಭ ಮತ್ತು ಮತ್ತೊಂದು ಅಷ್ಟೇ, ತಪ್ಪು ನಮ್ಮದು, ನಿಮ್ಮ ನೆನಪಿಗೆ ಏನೂ ಆಗಿಲ್ಲ ಅಂದೆ.

ಅವರು ಕಟ್ಟೆಯ ಮೇಲೆ ಕೂತು ಕೇಳಿದರು. ಆಮೇಲೆ, "ತಂಗಿ, ನೀ ನಮ್ಮ ಕಡಿ ಹುಡಿಗಿ ಅದಿ. ಲಾಭ ಅಂದ್ರ ನಿನಗ ತಿಳೀಲಿಲ್ಲ ಅಂತ ಅಂದ್ರ ನಾ ಹೆಂಗ ನಂಬಲಿ? ನನಗ ಸಮಾಧಾನ ಮಾಡಾಕ ಬಂದೀದಿ," ಅಂದರು.

"ಖರೇನ ತಿಳೀಲಿಲ್ರಿ."

"ಹಾಳ್ಯಾಗ ಬರದದ್ದು?"

"ಹೊಸಾ ಹಾಳಿ ಕೊಡತೇವಿ."

ಫೆಬ್ರವರಿಯ ಮೊದಲ ಶನಿವಾರ ಎರಡನೆಯ ಪರೀಕ್ಷೆ ಆಯಿತು. ನೀವು ಲಾಭ ಅಂದರೂ ನಡೆಯುತ್ತದೆ ಎಂದು ಮೇಡಂ ಮೊದಲೇ ಹೇಳಿದರು. ಪರಪ್ಪನವರು ಚೀಲಗಳ ಕಡೆ ನೋಡಲಿಲ್ಲ, ನೆಲ ನೋಡಿದರು. ಕಣ್ಣು ಮುಚ್ಚಲಿಲ್ಲ. ಕೈ ಆಡಲಿಲ್ಲ. "ಒಂದು, ಏಳು, ಮೂರು, ಎರಡು, ಒಂಬತ್ತು." ಏಳು ಅಂಕಿಗಳ ಸಾಲನ್ನೂ ತಪ್ಪಿಲ್ಲದೆ ಹೇಳಿದರು. ಪ್ರತಿ "ಒಂದು" ಹೇಳುವ ಮುಂದೆ ಉಗುಳು ನುಂಗುತ್ತಿದ್ದರು. ಅದನ್ನು ಬರೆಯಲು ಹಾಳೆಯಲ್ಲಿ ಜಾಗ ಇರಲಿಲ್ಲ.

ಹೊಸ ವರದಿಯಲ್ಲಿ "ಸರಾಸರಿಗಿಂತ ಹೆಚ್ಚು" ಎಂದು ಬಂತು. ಮೇಡಂ ಸಂತೋಷದಿಂದ ಓದಿದರು. ಪರಪ್ಪನವರು ಹಳೆಯ ಹಾಳೆಯನ್ನು ಒಳಜೇಬಿನಿಂದ ತೆಗೆದು ಎರಡನ್ನೂ ಟೇಬಲ್ಲಿನ ಮೇಲೆ ಜೋಡಿಸಿಟ್ಟರು.

"ಎರಡರಾಗ ಖರೇ ಯಾವದ್ರಿ?"

"ಇದು. ಎರಡನೆಯದು. ಮೊದಲಿನದನ್ನು ಹರಿದು ಹಾಕಿ."

ಅವರು ಹರಿಯಲಿಲ್ಲ. "ಎರಡನೇದ್ದು ನಾ ದಿನಾ ಕಲ್ತು ಹೇಳಿದ್ದರಿ. ಮೊದಲನೇದ್ದು ಕಲೀದ ಹೇಳಿದ್ದು. ನನ್ನ ಅಳತಿ ಅದ ಅಲ್ರಿ?"

ಮೇಡಂ ಬಹಳ ಹೇಳಿದರು. ಅವರು "ಹೌದ್ರಿ, ಹೌದ್ರಿ" ಎಂದರು. ನಮ್ಮ ಕಡೆ ಹಿರಿಯರು ಮರ್ಯಾದೆಗೂ ಹೌದ್ರಿ ಅನ್ನುತ್ತಾರೆ. ಸಂಸ್ಥೆಯ ಕಡತದಲ್ಲಿ ಅವರ ಹೆಸರಿನ ಮುಂದೆ "ಸುಧಾರಣೆ ಕಂಡಿದೆ" ಎಂದು ಬರೆದು ಮುಗಿಸಿದೆವು.

ಮಾರ್ಚ್ ಮೊದಲ ವಾರದಲ್ಲಿ ಸುವರ್ಣಾ ಫೋನ್ ಮಾಡಿದಳು. "ರವಿವಾರ ಶ್ರೀಶೈಲಗೌಡರ ಹೊಲದಾಗ ರಾಶಿ ಐತ್ರಿ. ಅಪ್ಪ ಒಪ್ಯಾನ. ನೀವು ಬಂದ್ರ ಅವಗ ಧೈರ್ಯ." ಅಪ್ಪ ಇನ್ನೊಮ್ಮೆ ಡಬ್ಬಿ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಳು ನಂಬಿದ್ದಳು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಯಂತ್ರ ಜೋಳ ಒಕ್ಕಿ ಹೋಗಿತ್ತು. ದೊಡ್ಡ ತಾಡಪತ್ರಿಯ ಮೇಲೆ ಬಿಳಿಜೋಳದ ರಾಶಿ. ಒಂದು ಕಡೆ ಶ್ರೀಶೈಲಗೌಡರು, ಇನ್ನೊಂದು ಕಡೆ ಪಾಲಿಗೆ ಮಾಡಿದ ಮೈಬೂಬ ಮತ್ತು ಅವನ ಮನೆಯವರು. ಪರಪ್ಪನವರು ಚಪ್ಪಲಿ ಬಿಟ್ಟು ಬಂದರು. ಶ್ರೀಶೈಲಗೌಡರು ಎದ್ದು, "ಬಾ ಕಾಕಾ. ನೀ ಬರಲಿಲ್ಲಂದ್ರ ಈ ಮೈಬೂಬ ನನ್ನ ಧೋತ್ರಾನೂ ಪಾಲ ಕೇಳಾಂವ ಇದ್ದ," ಅಂದರು.

"ನಿಮ್ಮ ಧೋತ್ರಾ ತಗೊಂಡು ಏನ ಮಾಡ್ಲಿ ಗೌಡ್ರ, ಹರದೈತಿ," ಅಂದ ಮೈಬೂಬ. ಎಲ್ಲರೂ ನಕ್ಕರು. ಪರಪ್ಪನವರೂ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸುವರ್ಣಾ ರಾಶಿಯ ಪಕ್ಕ ಕೂತಳು. ಅವಳ ಮಡಿಲಲ್ಲಿ ಬಟ್ಟೆಯ ಗಂಟಿನಲ್ಲಿ ಹುಣಸೆಬೀಜಗಳಿದ್ದವು. ಸಿದ್ದಲಿಂಗವ್ವ ಬದುಕಿದ್ದಾಗ, ಗಂಡ ಅಳೆಯುವಾಗ ಪಕ್ಕದಲ್ಲಿ ಕೂತು ಇಪ್ಪತ್ತು ಡಬ್ಬಿಗೆ ಒಂದು ಬೀಜ ಇಡುತ್ತಿದ್ದರಂತೆ. "ಅಕಿ ಇಟ್ಟದ್ದನ್ನ ನಾ ಒಮ್ಮಿನೂ ನೋಡಿಲ್ರಿ," ಎಂದು ಪರಪ್ಪನವರು ನನಗೆ ಹೇಳಿದ್ದರು. "ನೋಡೂದು ಬೇಕಾಗಿರಲಿಲ್ಲ. ಆದ್ರ ಇಡಾಕತ್ತಾಳ ಅನ್ನೂದು ಗೊತ್ತಿರತಿತ್ತು."

ಪರಪ್ಪನವರು ರಾಶಿಗೆ ವಿಭೂತಿ ಹಚ್ಚಿ ಕೈಮುಗಿದು ಡಬ್ಬಿ ತುಂಬಿದರು. ಮೇಲೆತ್ತಿ ಸುರಿಯುವ ಮೊದಲು ಬಾಯಿ ತೆರೆದರು. "ಲಾ…" ಅಂದು ನಿಂತರು. ಉಗುಳು ನುಂಗಿದರು. "ಒಂದು," ಅಂದರು.

ಯಾರೋ ಹೆಂಗಸು "ಯಪ್ಪಾ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಗೌಡರು ಮೈಬೂಬನ ಮುಖ ನೋಡಿದರು. ಮೈಬೂಬ ನೆಲ ನೋಡಿದ. ಪರಪ್ಪನವರು ಮುಂದುವರಿಸಿದರು. ಎರಡು. ಮೂರು. ನಾಕು. ಧ್ವನಿಯಲ್ಲಿ ಎಳೆತ ಇರಲಿಲ್ಲ. ಬೇವಿನ ಗಿಡದ ಮುಂದೆ ನಿಂತು ಹೇಳುತ್ತಿದ್ದ ಹಾಗೆ ಗಟ್ಟಿಯಾಗಿ, ಬಿಡಿಬಿಡಿಯಾಗಿ ಹೇಳುತ್ತಿದ್ದರು. ಐದು. ಆರು.

ತುಂಬಿದ ಡಬ್ಬಿ ಗಾಳಿಯಲ್ಲಿ ನಿಂತಿತು. ಅಂಚಿನಿಂದ ಕಾಳು ಉದುರತೊಡಗಿತು. ಅವರು ಸುತ್ತ ನೋಡಿದರು. ಸುವರ್ಣಾಳ ಕೈಯಲ್ಲಿದ್ದ ಬೀಜ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಅಷ್ಟೂ ಜನರ ಮುಂದೆ, ಸಣ್ಣ ಧ್ವನಿಯಲ್ಲಿ ಕೇಳಿದರು.

"ತಂಗಿ, ಈಗ ಯಾವದ್ದ ಅನ್ನಬೇಕ?"

"ಮತ್ತೊಂದು ಅನ್ರಿ," ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

"ಅನ್ನಪ್ಪಾ, ಮತ್ತೊಂದು ಅನ್ನು," ಎಂದಳು ಸುವರ್ಣಾ.

ಪರಪ್ಪನವರು ಡಬ್ಬಿಯಲ್ಲಿದ್ದ ಜೋಳವನ್ನು ಎರಡು ಪಾಲಿಗೂ ಹಾಕದೆ ರಾಶಿಗೇ ತಿರುಗಿ ಸುರಿದರು. ಡಬ್ಬಿಯನ್ನು ಬೋರಲು ಹಾಕಿದರು. "ತಕಡಿ ತರಿಸ್ರಿ ಗೌಡ್ರ," ಅಂದರು. "ನನ್ನ ಮ್ಯಾಲೆ ಇಬ್ರೂ ಭರೋಸಾ ಇಟ್ಟೀರಿ. ನನಗ ನನ್ನ ಮ್ಯಾಲೆ ಇಲ್ಲ. ಅಳಿಯಾಂವಗ ಅದು ಇರಲಿಲ್ಲಂದ್ರ ಡಬ್ಬಿ ಮುಟ್ಟಬಾರದು."

ಮೈಬೂಬ ಹತ್ತಿರ ಬಂದು ಕೈ ಹಿಡಿದ. "ಕಾಕಾ, ನೀ ಒಂದ ಅನ್ನು, ನೂರ ಅನ್ನು, ನಾ ಒಪ್ಪೇನಿ." ಅವರು ಕೈ ಬಿಡಿಸಿಕೊಂಡು ತಾಡಪತ್ರಿಯ ಅಂಚಿಗೆ ಹೋಗಿ ಕೂತರು. ಟೆಂಪೋದಲ್ಲಿ ತೂಕದ ಯಂತ್ರ ಬರುವ ತನಕ ಯಾರೂ ರಾಶಿ ಮುಟ್ಟಲಿಲ್ಲ. ಸುವರ್ಣಾ ಬೀಜಗಳನ್ನು ಗಂಟಿಗೆ ಹಾಕಿ ಕಟ್ಟಿದಳು. ಒಂದು ಬೀಜವೂ ನೆಲಕ್ಕೆ ಇಳಿದಿರಲಿಲ್ಲ.

ಅಂದು ಸಂಜೆ ಪರಪ್ಪನವರು ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ನಾನು ಕ್ಷಮೆ ಕೇಳಿದೆ. "ನಿಂದೇನ ತಪ್ಪವ್ವಾ," ಅಂದರು. "ನೀ ಓದಿದಾಕಿ. ನಿನಗ ಗೊತ್ತಿಲ್ಲದ್ದು ನನ್ನ ಬಾಯಾಗ ಇತ್ತು. ಈಗ ನನ್ನ ಬಾಯಾಗೂ ಇಲ್ಲ." ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅದಾದ ಮೇಲೆ ಅವರು ಯಾವ ಕಣಕ್ಕೂ ಹೋಗಲಿಲ್ಲ. ನಾನು ಈಗಲೂ ಹಾಳೆ ತುಂಬುವ ಕೆಲಸದಲ್ಲೇ ಇದ್ದೇನೆ. ಎದುರಿಗಿರುವವರು ಏನಂದರೂ ಅದನ್ನು ಅಂದ ಹಾಗೆಯೇ ಬರೆಯುತ್ತೇನೆ. ಬಾಗೇವಾಡಿಯ ಸಮಾಲೋಚನೆ ಬೇರೆ ಕಟ್ಟಡಕ್ಕೆ ಹೋಗಿದೆ. ಹಳೆಯ ಅಡತಿ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ನೋಡುತ್ತೇನೆ.

ಪರಪ್ಪನವರು ಈಗ ಆ ಅಂಗಡಿಯಲ್ಲಿ ತೂಕ ಮುಗಿದ ಚೀಲಗಳ ಬಾಯಿ ಹೊಲಿಯುತ್ತಾರೆ. ದಬ್ಬಣ ಮತ್ತು ಸುತಳಿ ಅವರವು. ಚೀಲ ಎಷ್ಟಾದವು ಎಂದು ಎಣಿಸುವ ಕೆಲಸ ಬೇರೆಯವರದು.